ತವರು ಸಿಗದ ಪತಂಗ



ಮುಂಬಯಿಯಲ್ಲಿ ಎಷ್ಟು ವರ್ಷ ಕಳೆದರೂ ನಮ್ಮ ಅಡುಗೆಮನೆಗೆ ತೆಂಗಿನಕಾಯಿ ಬೇಕೇ ಬೇಕು, ಅಲ್ಲವೇ? ಇಂದು ತೆಂಗಿನ ಗರಿ ತಿಂದೇ ಬದುಕುತ್ತಿದ್ದ ಒಂದು ಪುಟ್ಟ ಪತಂಗದ ಕಥೆ ಹೇಳುತ್ತೇನೆ. ಅದೀಗ ಎಲ್ಲೂ ಕಾಣುತ್ತಿಲ್ಲ.

ಅದರ ಹೆಸರು ಲೆವುವಾನಾ. ಊರು, ಶಾಂತಸಾಗರದ ಫಿಜಿ ದೇಶದ ವಿಟಿ ಲೆವು ದ್ವೀಪ. ರೆಕ್ಕೆಯ ಮೇಲೆ ನೀಲಿ ಹೊಳಪು. ನೋಡಲು ಚೆಂದ, ಆದರೆ ಅದರ ಮರಿಹುಳುಗಳು ಗರಿಯ ತಳಭಾಗವನ್ನು ಕೆರೆದು ತಿನ್ನುತ್ತಿದ್ದವು. ಹುಳು ಹೆಚ್ಚಿದ ವರ್ಷ ಹಸಿರು ತೋಟವೇ ಬೆಂಕಿ ತಗುಲಿದಂತೆ ಒಣಗುತ್ತಿತ್ತು, ಕಾಯಿ ಕಟ್ಟುತ್ತಿರಲಿಲ್ಲ. ಕೊಬ್ಬರಿ ನಂಬಿದ ಜನರ ಗತಿಯೇನು? ಪಕ್ಕದ ದ್ವೀಪಗಳಿಗೂ ಹಬ್ಬಿದರೆ ಎಂಬ ಭಯ ಬೇರೆ.

ಸರ್ಕಾರ ಕೀಟತಜ್ಞ ಜೆ. ಡಿ. ಟಾಟ್‌ಹಿಲ್ ಮತ್ತು ಸಂಗಡಿಗರಿಗೆ ಈ ಕೆಲಸ ಒಪ್ಪಿಸಿತು. ಮಲಯ ದೇಶದಲ್ಲಿ ಈ ಪತಂಗದ ದಾಯಾದಿಯೊಂದಿತ್ತು. ಅದರ ಹುಳುಗಳ ಮೇಲೆ ಮೊಟ್ಟೆಯಿಡುವ ನೊಣವೂ ಇತ್ತು. ನೊಣದ ಮರಿ ಹುಳುವಿನ ಒಳಹೊಕ್ಕು ಅದನ್ನೇ ತಿಂದು ಬೆಳೆಯುತ್ತದೆ. 1925ರಲ್ಲಿ ಆ ನೊಣಗಳನ್ನು ಹಡಗಿನಲ್ಲಿ ತಂದು, ಸಾಕಿ, ತೋಟಗಳಿಗೆ ಬಿಟ್ಟರು. ಹಾವಳಿ ಬಹುಬೇಗ ಇಳಿಯಿತು. ತೆಂಗು ಉಳಿಯಿತು. ಕೆಲವೇ ವರ್ಷಗಳಲ್ಲಿ ಲೆವುವಾನಾ ಕಾಣದಾಯಿತು. ಇಂದು ಅದು ಅಳಿದ ಜೀವಿಗಳ ಪಟ್ಟಿಯಲ್ಲಿದೆ. ಯಾವುದೋ ಮೂಲೆಯಲ್ಲಿ ಉಳಿದಿರಬಹುದು ಎನ್ನುವ ವಿಜ್ಞಾನಿಗಳೂ ಇದ್ದಾರೆ.

ಇಲ್ಲೊಂದು ಮಾತಿದೆ. ಲೆವುವಾನಾ ಬೇರೆ ಎಲ್ಲಿಂದಲೋ ಬಂದದ್ದು, ಇಲ್ಲಿ ಅಳಿದರೂ ಮೂಲದಲ್ಲಿ ಇದ್ದೇ ಇರುತ್ತದೆ ಎಂದು ಆಗಿನ ತಜ್ಞರು ನಂಬಿದ್ದರು. ಆ ತವರು ಇವತ್ತಿನವರೆಗೂ ಸಿಕ್ಕಿಲ್ಲ! ಪತಂಗ ಹೋಯಿತು, ಹೊರಗಿನಿಂದ ತಂದ ನೊಣ ಮಾತ್ರ ಬೇರೆ ಹುಳುಗಳನ್ನು ಹಿಡಿದು ಅಲ್ಲೇ ಉಳಿದುಕೊಂಡಿತು.

ನಮ್ಮ ನಾಡಿನ ತೆಂಗಿನ ತೋಟಗಳಲ್ಲೂ ಕಪ್ಪು ತಲೆ ಹುಳುವಿನ ಕಾಟವಿದೆ. ಅದಕ್ಕೆ ಗೋನಿಯೋಜಸ್ ಎಂಬ ಪುಟ್ಟ ಕಣಜವನ್ನು ಬಿಡುತ್ತಾರೆ. ಉಪಾಯ ಅದೇ, ಆದರೆ ಹುಳುವೂ ಇಲ್ಲಿನದು, ಕಣಜವೂ ಇಲ್ಲಿನದು. ಎರಡೂ ಹಳೆಯ ಪರಿಚಯದವು. ವಿಷ ಸಿಂಪಡಿಸುವುದಕ್ಕಿಂತ ಇದು ಎಷ್ಟೋ ಮೇಲು.

ಫಿಜಿಯ ಬೆಳೆಗಾರರನ್ನು ದೂರಲು ನನಗೆ ಮನಸ್ಸಿಲ್ಲ. ಅವರದು ಹೊಟ್ಟೆಪಾಡು. ಆದರೆ 'ಎಲ್ಲಿಂದಲೋ ಬಂದವರು' ಎಂಬ ಮಾತಿನ ಭಾರ ಪರಊರಲ್ಲಿ ನೆಲೆಸಿದ ನಮಗೆ ಗೊತ್ತು. ಯಾರನ್ನಾದರೂ ಹಾಗೆನ್ನುವ ಮೊದಲು, ಹಿಂತಿರುಗಲು ಅವರಿಗೊಂದು ಊರಿದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ನಾಳೆ ಕಾಯಿ ತುರಿಯುವಾಗ ಆ ನೀಲಿ ರೆಕ್ಕೆಯನ್ನೊಮ್ಮೆ ನೆನೆಯಿರಿ. ಮತ್ತೆ ಸಿಗೋಣ.