'ಚೇಂಜ್' ಎಂಬ ಕ್ರಿಯಾಪದ ಮತ್ತು ನಮ್ಮ ವಾಡಿ
(ವಾಡಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಇಂಗ್ಲಿಷಿನ ಒಂದು ಸಾಮಾನ್ಯ ಕ್ರಿಯಾಪದ ಆರಿಸಿಕೊಂಡು ಅದರ ಹುಟ್ಟು, ಅರ್ಥಗಳ ಬಗ್ಗೆ ಮಾತನಾಡಿ ಎಂದು ಹೇಳಿದಾಗ ನಾನು ಬಹಳ ಹುಡುಕಲಿಲ್ಲ. ವಾಡಿಗೆ ಹೊಂದುವ ಕ್ರಿಯಾಪದ ಒಂದೇ. ಅದು 'ಚೇಂಜ್'.

ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗ 1871ರಲ್ಲಿ ರಾಯಚೂರಿನ ಹತ್ತಿರ ಮದರಾಸಿನ ಮಾರ್ಗವನ್ನು ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮ ಸರಕಾರದ ರೈಲು ಶುರುವಾಯಿತು. ಸಿಮೆಂಟಿನಿಂದ ಹೆಸರಾಗುವ ಎಷ್ಟೋ ವರ್ಷಗಳ ಮೊದಲೇ ಈ ಊರು 'ಗಾಡಿ ಚೇಂಜ್ ಮಾಡುವ ಜಾಗ' ಎಂದು ಹೆಸರಾಗಿತ್ತು.

ಈ 'ಗಾಡಿ ಚೇಂಜ್' ಎಂಬುದನ್ನೇ ಇಂಗ್ಲಿಷಿನಲ್ಲಿ ಹೇಳಿ ನೋಡಿ. 'ಚೇಂಜ್ ಟ್ರೇನ್ಸ್' ಎನ್ನಬೇಕು, ಬಹುವಚನ. ನಮ್ಮ ಹುಡುಗರು ಸಾಮಾನ್ಯವಾಗಿ 'ಚೇಂಜ್ ದ ಟ್ರೇನ್' ಎನ್ನುತ್ತಾರೆ. ಅದನ್ನು ಕೇಳಿದ ಇಂಗ್ಲಿಷಿನವನಿಗೆ ಯಾರೋ ರೈಲಿನಲ್ಲೇ ಏನೋ ಮಾರ್ಪಾಡು ಮಾಡುತ್ತಿದ್ದಾರೆ ಎನ್ನಿಸೀತು. ಹತ್ತುವವನು ಒಬ್ಬನೇ, ಆದರೂ ಬಹುವಚನ ಏಕೆ? ಏಕೆಂದರೆ ಇಲ್ಲಿ ಇರುವುದು ಎರಡು ಗಾಡಿಗಳ ವಿನಿಮಯ: ಒಂದನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಪಡೆಯುವುದು. ವ್ಯಾಕರಣ ಪುಸ್ತಕದಲ್ಲಿ ಬಾಯಿಪಾಠ ಮಾಡಿಸುವ ಈ ಬಹುವಚನದಲ್ಲಿ ಶಬ್ದದ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ.

'ಚೇಂಜ್' ಹುಟ್ಟಿದ್ದು ಸಂತೆಯಲ್ಲಿ. ಲ್ಯಾಟಿನ್ನಿನ 'ಕಾಂಬಿಯಾರೆ' ಎಂದರೆ ಒಂದು ಕೊಟ್ಟು ಇನ್ನೊಂದು ತೆಗೆದುಕೊಳ್ಳುವುದು, ಸಾಟಿ ವ್ಯಾಪಾರ. ಲ್ಯಾಟಿನ್ನಿಗೂ ಅದು ಸ್ವಂತದ್ದಲ್ಲ, ಕೆಲ್ಟಿಕ್ ಜನರ ಭಾಷೆಯಿಂದ ಬಂದದ್ದು ಎಂದು ವಿದ್ವಾಂಸರ ಅಭಿಪ್ರಾಯ. ಇಟಲಿಯಲ್ಲಿ ಹಣ ಬದಲಿಸಿಕೊಡುವ ಅಂಗಡಿಯ ಮೇಲೆ ಇಂದಿಗೂ 'ಕಾಂಬಿಯೊ' ಎಂದು ಬರೆದಿರುತ್ತದೆ. ಅದೇ ಶಬ್ದ ಫ್ರೆಂಚರ ಬಾಯಲ್ಲಿ ಸವೆದು, 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇಂಗ್ಲಿಷಿಗೆ ಇಳಿಯಿತು. ಇಂಗ್ಲಿಷಿನವರಿಗೆ ಇದೇ ಅರ್ಥದ 'ವ್ರಿಕ್ಸ್‌ಲಾನ್' ಎಂಬ ತಮ್ಮದೇ ಮಾತೊಂದಿತ್ತು. ಬರಬರುತ್ತಾ ಅದು ಅಳಿದು ಹೋಯಿತು. ಆಳುವವರ ಮಾತು ಆಳಿಸಿಕೊಂಡವರ ಮಾತನ್ನು ನುಂಗಿತು ಎನ್ನಿ. ಬಟ್ಟೆ ಬದಲಿಸುವುದು, ಮನಸ್ಸು ಬದಲಿಸುವುದು, ತಾನೇ ಬದಲಾಗುವುದು, ಈ ಎಲ್ಲವೂ ಸಂತೆಯ ಆ ಅರ್ಥದ ಮೇಲೆ ಬೆಳೆದ ರೆಂಬೆಗಳು.

ಚಿಲ್ಲರೆ ಎಂಬ ಅರ್ಥವೂ ಅಲ್ಲಿಂದಲೇ. ದೊಡ್ಡ ನಾಣ್ಯ ಕೊಟ್ಟರೆ ಬದಲಿಗೆ ಬರುವ ಸಣ್ಣ ನಾಣ್ಯಗಳೇ 'ಚೇಂಜ್'. ಈ ವ್ಯವಹಾರ ನಮ್ಮ ಭಾಗದ ಹಿರಿಯರಿಗೆ ಬೇರೊಂದು ರೀತಿಯಲ್ಲೂ ಗೊತ್ತಿತ್ತು. ನಿಜಾಮರ ರಾಜ್ಯದಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ ರೂಪಾಯಿ. ಬ್ರಿಟಿಷರ ರೂಪಾಯಿಗೆ ಕಲದಾರ್ ಎನ್ನುತ್ತಿದ್ದರು. ಹೆಚ್ಚು ಕಡಿಮೆ ಏಳು ಹಾಲಿ ರೂಪಾಯಿಗೆ ಆರು ಕಲದಾರ್. ಸೊಲ್ಲಾಪುರ ಬ್ರಿಟಿಷರ ಕೈಯಲ್ಲಿತ್ತು, ವಾಡಿ ನಿಜಾಮರ ಕೈಯಲ್ಲಿ. ಹೀಗಾಗಿ ಗಡಿ ದಾಟಿದವರಿಗೆ ಗಾಡಿಯ ಜೊತೆ ರೊಕ್ಕವೂ ಚೇಂಜ್! ಅಂಗಡಿಯಲ್ಲಿ 'ಚೇಂಜ್ ಇಲ್ಲ' ಎಂದು ಎರಡು ಚಾಕಲೇಟ್ ಕೈಗಿಡುವವನ ಮೇಲೆ ನಾವು ಸಿಡಿಮಿಡಿಗೊಳ್ಳುತ್ತಿದ್ದೆವು. ಫೋನಿನಲ್ಲಿ ಹಣ ಕೊಡುವ ಈ ದಿನಗಳಲ್ಲಿ ಅದು ಕಡಿಮೆಯಾಗಿದೆ. ಆದರೆ ನಾಣ್ಯದ ಬದಲು ಸರಕು ಕೊಟ್ಟ ಆ ಪುಣ್ಯಾತ್ಮ, ತಿಳಿಯದೆಯೇ, ಲ್ಯಾಟಿನ್ ಅರ್ಥಕ್ಕೆ ನಿಷ್ಠನಾಗಿದ್ದ.

ಈಗ ನಮ್ಮ ಮನೆಯ ಮಾತಿಗೆ ಬರೋಣ. 'ಚೇಂಜ್ ಎನ್ನಬೇಡಿ, ಬದಲಾವಣೆ ಎನ್ನಿ, ಅದು ಶುದ್ಧ ಕನ್ನಡ' ಎಂದು ತಿದ್ದುವವರಿದ್ದಾರೆ. ಪತ್ರಿಕೆಯಲ್ಲಿ ನಾವೂ ಹಾಗೆಯೇ ಬರೆಯುತ್ತೇವೆ, ತಪ್ಪೇನಿಲ್ಲ. ಆದರೆ 'ಬದಲು' ಅರಬ್ಬಿ ಶಬ್ದ. 'ಬದಲ್' ಎಂದರೆ ಒಂದಕ್ಕೆ ಪ್ರತಿಯಾಗಿ ಇನ್ನೊಂದು, ಮತ್ತೆ ಅದೇ ವಿನಿಮಯ. ಪಾರಸಿ, ಉರ್ದುಗಳ ಮೂಲಕ, ಸುಲ್ತಾನರ ಕಚೇರಿಗಳ ಮೂಲಕ ನಮಗೆ ಬಂತು. ಚೇಂಜ್ ಇಂಗ್ಲೆಂಡಿಗೆ ಬಂದ ದಾರಿಯೇ ಇದು. ಹೋಗಲಿ, 'ಪರಿವರ್ತನೆ' ಎನ್ನೋಣವೆಂದರೆ ಅದು ಸಂಸ್ಕೃತ.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಚಿತ್ತಾಪುರ, ಸೇಡಂ ಕಡೆಯ ಹುಡುಗರು ಬೆಂಗಳೂರಿಗೆ ಓದಲು, ಕೆಲಸಕ್ಕೆ ಹೋದಾಗ 'ನಿಮ್ಮ ಕನ್ನಡದಲ್ಲಿ ಉರ್ದು ಬಹಳ' ಎಂಬ ಮಾತು ಕೇಳಿ ಬಾಯಿ ಕಟ್ಟಿಕೊಳ್ಳುತ್ತಾರೆ. ತರಗತಿಯಲ್ಲಿ ಪ್ರಶ್ನೆ ಕೇಳುವುದನ್ನೇ ಬಿಟ್ಟವರನ್ನು ನಾನು ಕಂಡಿದ್ದೇನೆ. ಹಾಗೆ ಹೇಳುವವರು ದಿನಕ್ಕೆ ಎಷ್ಟು ಸಲ 'ಬದಲಾವಣೆ' ಎನ್ನುತ್ತಾರೆ, ಲೆಕ್ಕ ಹಾಕಿ. ನೀವು 'ಬದಲ್' ಎಂದರೆ ಮಿಶ್ರ, ಅವರು 'ಬದಲಾವಣೆ' ಎಂದರೆ ಶುದ್ಧ. ಇದು ಯಾವ ನ್ಯಾಯ?

ಹಾಗಾದರೆ ಅಚ್ಚಕನ್ನಡದಲ್ಲಿ ಇದಕ್ಕೆ ಮಾತೇ ಇಲ್ಲವೇ? ಇದೆ, ಮತ್ತು ಅದರ ಕಥೆಯೇ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಂಡಿತು. ಆ ಮಾತು 'ಮಾರು'. ಇಂದು ನಮಗೆ ಮಾರುವುದೆಂದರೆ ದುಡ್ಡಿಗೆ ಕೊಡುವುದು. ಹಳಗನ್ನಡದಲ್ಲಿ ಇದನ್ನು ಶಕಟರೇಫ ಹಾಕಿ ಬರೆಯುತ್ತಿದ್ದರು. ತಮಿಳಿನಲ್ಲಿ ಇದೇ ಶಬ್ದಕ್ಕೆ ಬದಲಾಗು ಎಂದು ಅರ್ಥ, ತೆಲುಗಿನಲ್ಲಿಯೂ ಹಾಗೆಯೇ. ಮೂಲದಲ್ಲಿ ಸಾಟಿ ವ್ಯಾಪಾರದ ಮಾತು. ತಮಿಳು, ತೆಲುಗುಗಳು ಅದರಲ್ಲಿ ಬದಲಾವಣೆಯನ್ನು ಹಿಡಿದುಕೊಂಡವು, ಕನ್ನಡ ವ್ಯಾಪಾರವನ್ನು ಹಿಡಿದುಕೊಂಡಿತು. ಆದರೂ 'ಮಾರ್ಪಡು', 'ಮಾರ್ಪಾಡು' ಎನ್ನುವಾಗ ನಾವು ಹಳೆಯ ಅರ್ಥವನ್ನೇ ಬಳಸುತ್ತೇವೆ. ಕೂಗಿದ್ದಕ್ಕೆ ಬದಲಾಗಿ ಬರುವ ದನಿ 'ಮಾರ್ದನಿ'. ಬೇರೆ ವೇಷ ಹಾಕಿಕೊಂಡರೆ 'ಮಾರುವೇಷ'.

ಸೇಡಂ, ಚಿಂಚೋಳಿ ಗಡಿಯವರಿಗೆ ತೆಲುಗು ಹೊಸದಲ್ಲ. ಇಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ತೆಲುಗು ಪ್ರಯಾಣಿಕರೊಬ್ಬರು 'ವಾಡಿಲೋ ರೈಲು ಮಾರಾಲಿ' ಎಂದರೆ ಹೊಸಬನಾದ ಕನ್ನಡಿಗ, ಈ ಯಜಮಾನರು ರೈಲನ್ನೇ ಮಾರಲು ಹೊರಟಿದ್ದಾರೆಂದು ಬೆಚ್ಚಿಬಿದ್ದಾನು. ಅವರು ಹೇಳುತ್ತಿರುವುದು ಇಷ್ಟೇ: ವಾಡಿಯಲ್ಲಿ ಗಾಡಿ ಚೇಂಜ್ ಮಾಡಬೇಕು.