ಕಡಲ ಹೂವಿನ ಒಕ್ಕಲು



ಮನೆಯಲ್ಲಿ ಬಣ್ಣದ ಮೀನು ಸಾಕುವ ಹವ್ಯಾಸ ನಮ್ಮ ಪಟ್ಟಣಗಳಿಗೆ ಹೊಸದಲ್ಲ. ಗಾಜಿನ ತೊಟ್ಟಿ, ಗುಳ್ಳೆ ಬಿಡುವ ಯಂತ್ರ, ನಾಲ್ಕಾರು ಹೊಂಬಣ್ಣದ ಮೀನುಗಳು: ಇದನ್ನು ನೀವು ಹಲವರ ಹಜಾರದಲ್ಲಿ ನೋಡಿದ್ದೀರಿ. ಅವು ಸಿಹಿನೀರಿನ ಮೀನುಗಳು. ಇನ್ನೂ ಮುಂದೆ ಹೋಗಿ, ಉಪ್ಪುನೀರಿನ ತೊಟ್ಟಿಯಿಟ್ಟು ಹವಳದ ದಿಬ್ಬದ ಜೀವಿಗಳನ್ನೇ ಸಾಕುವವರೂ ಈಗ ಇದ್ದಾರೆ. ಅಂಥವರ ತೊಟ್ಟಿಯಲ್ಲಿ ಹೆಚ್ಚಾಗಿ ಕಾಣುವ ಮೀನೊಂದಿದೆ. ಕಿತ್ತಳೆ ಮೈ, ಮೂರು ಬಿಳಿ ಪಟ್ಟಿ, ಪಟ್ಟಿಯ ಅಂಚಿಗೆ ತೆಳುವಾದ ಕಪ್ಪು ಗೆರೆ, ತೂಗಾಡುತ್ತ ಸಾಗುವ ಈಜು. ಇದು ಕ್ಲೌನ್ ಮೀನು. ಯಕ್ಷಗಾನದ ಕೋಡಂಗಿಯನ್ನು ಬಲ್ಲ ನಾವು ಇದನ್ನು ಕೋಡಂಗಿ ಮೀನು ಎನ್ನೋಣ. ಶಾಸ್ತ್ರೀಯ ಹೆಸರು ಆಂಫಿಪ್ರಿಯಾನ್ ಆಸೆಲ್ಲಾರಿಸ್. 2003ರಲ್ಲಿ ತೆರೆಕಂಡ 'ಫೈಂಡಿಂಗ್ ನೆಮೊ' ಚಿತ್ರದಿಂದಾಗಿ ಮಕ್ಕಳಿಗಂತೂ ಇದು ಚಿರಪರಿಚಿತ.

ಈ ಮೀನನ್ನು ಮನೆಗೆ ತಂದವರು ಒಂದೆರಡು ವಾರದೊಳಗೆ ಕೇಳುವ ಪ್ರಶ್ನೆಯೊಂದಿದೆ. 'ಚಿತ್ರಗಳಲ್ಲಿ ಇದು ಒಂದು ಹೂವಿನೊಳಗೆ ವಾಸಿಸುತ್ತದಲ್ಲ, ಆ ಹೂವನ್ನೂ ತರಬೇಡವೆ?' ಈ ಪ್ರಶ್ನೆಗೆ ಹೌದು ಎಂದುಬಿಡುವುದು ಸುಲಭ. ಆದರೆ ಆ ಉತ್ತರದ ಮೇಲೆ ಒಂದು ಜೀವದ ಅಳಿವು ಉಳಿವು ನಿಂತಿದೆ. ಆದುದರಿಂದ ಮೊದಲು ಆ ಹೂವು ಏನು, ಮೀನಿಗೂ ಅದಕ್ಕೂ ಇರುವ ನಂಟು ಏನು ಎಂಬುದನ್ನು ನೋಡೋಣ.

ಕಡಲ ಹೂ, ಅಂದರೆ ಸೀ ಅನಿಮೋನಿ, ಹೂವಲ್ಲ, ಪ್ರಾಣಿ. ಹವಳಕ್ಕೂ ಅಂಬಲಿ ಮೀನಿಗೂ ಬಂಧು. ಬುಡದ ಅಗಲವಾದ ಪಾದದಿಂದ ಬಂಡೆಯನ್ನು ಹಿಡಿದು ಕೂತಿರುತ್ತದೆ. ಮೇಲೆ ಬಾಯಿ, ಬಾಯಿಯ ಸುತ್ತ ನೂರಾರು ತೋಳುಗಳು. ಆ ತೋಳುಗಳಲ್ಲಿ ಲೆಕ್ಕವಿಲ್ಲದಷ್ಟು ಕುಟುಕು ಕೋಶಗಳು. ಪ್ರತಿ ಕೋಶದೊಳಗೂ ಸುರುಳಿ ಸುತ್ತಿದ ವಿಷದ ದಾರ. ಪುಟ್ಟ ಮೀನೊಂದು ತಗುಲಿದರೆ ಸಾಕು, ಕಣ್ಣೆವೆ ಮುಚ್ಚುವುದರೊಳಗೆ ದಾರಗಳು ಚಿಮ್ಮಿ ಚುಚ್ಚುತ್ತವೆ. ಮೀನು ಸೆಟೆದು ಬಾಯಿಗೆ ಸೇರುತ್ತದೆ. ಜಗತ್ತಿನಲ್ಲಿ ಸುಮಾರು 1000 ಬಗೆಯ ಕಡಲ ಹೂಗಳಿವೆ. ಅವುಗಳಲ್ಲಿ ಹತ್ತರಷ್ಟು ಮಾತ್ರ ಕೋಡಂಗಿ ಮೀನುಗಳಿಗೆ ಆಶ್ರಯ ಕೊಡುತ್ತವೆ. ಕೋಡಂಗಿ ಮೀನುಗಳಲ್ಲಿ ಸುಮಾರು 30 ಬಗೆ. ಅವೆಲ್ಲವೂ ಈ ಹತ್ತನ್ನೇ ಹಂಚಿಕೊಂಡು ಬಾಳುತ್ತವೆ. ದಕ್ಷಿಣ ಚೀನಾ ಸಮುದ್ರದ ದೈತ್ಯ ಕಡಲ ಹೂಗಳ ಒಳಗೆ ಮೀನುಗಳು ಜೀವಂತವಾಗಿ ವಾಸಿಸುವ ಸಂಗತಿಯನ್ನು ಕತ್‌ಬರ್ಟ್ ಕಾಲಿಂಗ್‌ವುಡ್ ಎಂಬ ಆಂಗ್ಲ ನಿಸರ್ಗತಜ್ಞ 1868ರಲ್ಲಿ ವರದಿ ಮಾಡಿದರು.

ಕುಟುಕುವ ತೋಳಿನ ನಡುವೆ ಈ ಮೀನು ಬದುಕುವುದು ಹೇಗೆ? ಗುಟ್ಟು ಇರುವುದು ಅದರ ಮೈಮೇಲಿನ ಲೋಳೆಯಲ್ಲಿ. 1958ರಲ್ಲಿ ಡೆಮೊರೆಸ್ಟ್ ಡೆವನ್‌ಪೋರ್ಟ್ ಮತ್ತು ಕೆನೆತ್ ನಾರಿಸ್ ಇದನ್ನು ಪ್ರಯೋಗಾಲಯದ ತೊಟ್ಟಿಯಲ್ಲಿಯೇ ಪರೀಕ್ಷಿಸಿದರು. ಈಚಿನ ಅಧ್ಯಯನಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿವೆ. ಇತರ ಮೀನುಗಳ ಲೋಳೆಯಲ್ಲಿರುವ ಸಯಾಲಿಕ್ ಆಮ್ಲ ಎಂಬ ವಸ್ತು ಕುಟುಕು ಕೋಶವನ್ನು ಕೆರಳಿಸಬಲ್ಲದು. ಕೋಡಂಗಿ ಮೀನಿನ ಲೋಳೆಯಲ್ಲಿ ಅದು ತೀರ ಕಡಿಮೆ. ತೋಳು ಮುಟ್ಟಿದರೂ, ತನಗೆ ಆಹಾರ ತಗುಲಿತೆಂದು ಕಡಲ ಹೂವಿಗೆ ಅನಿಸುವುದಿಲ್ಲ.

ಹಾಗೆಂದು ಮೀನು ನೇರವಾಗಿ ನುಗ್ಗುವುದೂ ಇಲ್ಲ. ನಮ್ಮ ಕಾರ್ಯಕ್ರಮವೊಂದಕ್ಕಾಗಿ ಮಿತ್ರರೊಬ್ಬರ ಮನೆಯ ತೊಟ್ಟಿಯ ಮುಂದೆ ಕ್ಯಾಮೆರಾ ಇಟ್ಟು ಕಾದಿದ್ದೆವು. ಮರಿಕೇಂದ್ರದಲ್ಲಿ ಹುಟ್ಟಿ ಬೆಳೆದ ಒಂದು ಜೋಡಿ. ಜತೆಗೆ ಆಗತಾನೆ ನೆಲೆಯೂರಿದ ಒಂದು ಕಡಲ ಹೂ. ಮೊದಲ ದಿನ ಮೀನುಗಳು ಅತ್ತ ತಿರುಗಿಯೂ ನೋಡಲಿಲ್ಲ. ಪಂಪಿನ ಪಕ್ಕದ ಮೂಲೆಯೇ ಅವಕ್ಕೆ ಮನೆಯಾಗಿತ್ತು. ಎರಡನೆಯ ದಿನ ದೊಡ್ಡ ಮೀನು ಹತ್ತಿರ ಬಂದಿತು. ಬಾಲದ ತುದಿಯಿಂದ ಒಂದು ತೋಳನ್ನು ಸವರಿ ಥಟ್ಟನೆ ಹಿಂದೆ ಸರಿಯಿತು. ಮತ್ತೆ ಬಂದಿತು, ಈ ಬಾರಿ ಹೊಟ್ಟೆಯ ರೆಕ್ಕೆ ತಾಗಿಸಿತು. ಗಂಟೆಗಟ್ಟಲೆ ಇದೇ ಆಟ. ಸಂಜೆಯ ಹೊತ್ತಿಗೆ ತೋಳುಗಳ ನಡುವೆ ಮೈಯುಜ್ಜುತ್ತ ಹೊರಳುತ್ತಿತ್ತು. ಕಾಲುಜಾರುವ ಹೊಳೆಗೆ ಇಳಿಯುವವರು ಮೊದಲು ಬೆರಳು ಅದ್ದಿ, ಪಾದ ಊರಿ, ಆಮೇಲೆ ಮೊಣಕಾಲಿನವರೆಗೆ ಇಳಿಯುವುದಿಲ್ಲವೆ, ಹಾಗೆ.

ಎಲ್ಲ ತೊಟ್ಟಿಗಳಲ್ಲಿಯೂ ಇಷ್ಟು ಬೇಗ ಆಗುವುದಿಲ್ಲ. ಕೆಲವಕ್ಕೆ ತಿಂಗಳುಗಳೇ ಬೇಕು. ಕೆಲವು ಎಂದಿಗೂ ಕಡಲ ಹೂವನ್ನು ಸೇರುವುದಿಲ್ಲ. ಪಂಪಿನ ಮೇಲೋ, ಮಣ್ಣಿನ ಕುಂಡದಲ್ಲೋ, ಮೆದು ಹವಳದ ಮಡಿಕೆಯಲ್ಲೋ ಇದ್ದುಬಿಡುತ್ತವೆ. ಇದಕ್ಕೆ ಒಂದು ಕಾರಣವನ್ನು 1996ರಲ್ಲಿ ಪ್ರಕಟವಾದ ಪ್ರಯೋಗವೊಂದು ಸೂಚಿಸಿತು. ಕಡಲ ಹೂವಿನ ಪಕ್ಕದಲ್ಲಿ ಒಡೆದ ಮೊಟ್ಟೆಯಿಂದ ಬಂದ ಮರಿ ಅದರ ವಾಸನೆಯನ್ನು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಬರಿಯ ತೊಟ್ಟಿಯಲ್ಲಿ ಹುಟ್ಟಿದ್ದಕ್ಕೆ ಆ ನೆನಪಿಲ್ಲ. ಅದು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕು.

ಒಮ್ಮೆ ಒಕ್ಕಲಾದ ಮೇಲೆ ಮೀನಿನ ಸ್ವಭಾವವೇ ಬದಲಾಗುತ್ತದೆ. ಗಾಜು ಒರೆಸಲು ಕೈಯಿಟ್ಟ ಯಜಮಾನನ ಬೆರಳನ್ನೇ ಕಚ್ಚಲು ಬರುತ್ತದೆ. ಕೊಟ್ಟ ಸೀಗಡಿ ಚೂರನ್ನು ಕೊಂಡೊಯ್ದು ತೋಳುಗಳ ಮೇಲೆ ಹಾಕುವುದೂ ಉಂಟು. ಜೋಡಿಯಲ್ಲಿ ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಹೆಣ್ಣು ಅಟ್ಟಿಬಂದರೆ ಗಂಡು ಮೈ ಓರೆಮಾಡಿ ಗಡಗಡ ನಡುಗುತ್ತದೆ; ಅದು ಶರಣಾಗತಿಯ ಭಾಷೆ. ಇವು ಸದ್ದನ್ನೂ ಮಾಡುತ್ತವೆ. ದವಡೆಯನ್ನು ರಪ್ಪನೆ ಮುಚ್ಚಿ ಹಲ್ಲು ಕಟಕಟಿಸಿ ಆ ಸದ್ದು ಹೊರಡುತ್ತದೆಂದು ಬೆಲ್ಜಿಯಂನ ಎರಿಕ್ ಪಾರ್ಮೆಂಟಿಯೆ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು.

ಈ ಮನೆತನದ ಕಟ್ಟಳೆ ಇನ್ನೂ ವಿಚಿತ್ರ. ಕಡಲಿನ ಒಂದು ಹೂವಿನಲ್ಲಿ ಒಂದು ಹೆಣ್ಣು, ಒಂದು ಗಂಡು, ಕೆಲವು ಕಿರಿಯ ಮೀನುಗಳು ಇರುತ್ತವೆ. ಹೆಣ್ಣು ಸತ್ತರೆ ಹೊಸ ಹೆಣ್ಣು ಹೊರಗಿನಿಂದ ಬರಬೇಕಾಗಿಲ್ಲ. ಗಂಡೇ ಹೆಣ್ಣಾಗುತ್ತದೆ, ಕಿರಿಯರಲ್ಲಿ ದೊಡ್ಡದು ಗಂಡಿನ ಪಟ್ಟಕ್ಕೆ ಏರುತ್ತದೆ. ತಾಯಿ ಸತ್ತ ಮೇಲೆ ನೆಮೊನ ತಂದೆ ನಿಜವಾಗಿ ತಾಯಿಯೇ ಆಗಬೇಕಿತ್ತು! ಕಿರಿಯವು ಹಿರಿಯರನ್ನು ಮೀರದಂತೆ ತಮ್ಮ ಬೆಳವಣಿಗೆಗೆ ತಾವೇ ಕಡಿವಾಣ ಹಾಕಿಕೊಳ್ಳುತ್ತವೆ ಎಂಬುದನ್ನು ಪೀಟರ್ ಬಸ್ಟನ್ 2003ರಲ್ಲಿ ಪ್ರಕಟಿಸಿದರು. ತೊಟ್ಟಿಯಲ್ಲಿ ಎರಡಕ್ಕಿಂತ ಹೆಚ್ಚು ಇಡಬೇಡಿ ಎಂದು ಅನುಭವಸ್ಥರು ಹೇಳುವುದು ಇದಕ್ಕಾಗಿಯೇ. ಅಲ್ಲಿ ಸೋತ ಮೀನಿಗೆ ಓಡಿಹೋಗಲು ದಾರಿಯಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಡಲಿನಲ್ಲಿ ಮೀನಿಗೆ ಈ ಹೂ ಬೇಕೇ ಬೇಕು. ಇಲ್ಲದಿದ್ದರೆ ದೊಡ್ಡ ಮೀನಿನ ಬಾಯಿಗೆ ತುತ್ತು. ಹೂವಿಗೂ ಮೀನಿನಿಂದ ಲಾಭವಿದೆ. ತೋಳು ತಿನ್ನಲು ಬರುವ ಚಿಟ್ಟೆ ಮೀನುಗಳನ್ನು ಇದು ಅಟ್ಟುತ್ತದೆ. ಇದರ ಮಲಮೂತ್ರದ ಸಾರಜನಕ, ಹೂವಿನ ಅಂಗಾಂಶದಲ್ಲಿರುವ ಸೂಕ್ಷ್ಮ ಪಾಚಿಗೆ ಗೊಬ್ಬರ. ಆ ಪಾಚಿ ಬೆಳಕಿನಲ್ಲಿ ಅಟ್ಟ ಅಡುಗೆಯೇ ಹೂವಿನ ಮುಖ್ಯ ಊಟ. ಆದರೆ ಮನೆಯ ತೊಟ್ಟಿಯಲ್ಲಿ ಅಟ್ಟಿಬರುವ ವೈರಿಯಿಲ್ಲ. ಅಲ್ಲಿ ಕೋಡಂಗಿ ಮೀನು ಕಡಲ ಹೂವಿಲ್ಲದೆಯೂ ಆರೋಗ್ಯವಾಗಿ ಬಾಳುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಅಂದರೆ, ತೊಟ್ಟಿಯಲ್ಲಿ ಹೂ ಬೇಕಾಗಿರುವುದು ಮೀನಿಗಲ್ಲ, ನಮ್ಮ ಕಣ್ಣಿಗೆ.

ಕಣ್ಣಿಗೆ ಬೇಕೆಂದು ತರುವುದು ತಪ್ಪೆ? ತಪ್ಪೆನ್ನಲಾರೆ. ಆದರೆ ತರುವುದು ಎಂಥ ಪ್ರಾಣಿಯನ್ನು ಎಂಬುದು ನೆನಪಿರಲಿ. ಸ್ಕಾಟ್ಲೆಂಡಿನಲ್ಲಿ ಜಾನ್ ಡೇಲಿಯೆಲ್ ಎಂಬುವರು 1828ರಲ್ಲಿ ಕಡಲತೀರದಿಂದ ತಂದ ಬೇರೊಂದು ಬಗೆಯ ಕಡಲ ಹೂ, ಗಾಜಿನ ಪಾತ್ರೆಯಲ್ಲಿ 1887ರವರೆಗೆ ಬದುಕಿತು. ಜನ ಅದನ್ನು 'ಅಜ್ಜಿ' ಎಂದೇ ಕರೆದರು. ಸಾಕಿದವರೇ ಮೊದಲು ತೀರಿಕೊಂಡರು. ಹೀಗೆ ಬಾಳಬಲ್ಲ ಕುಲದ ಜೀವಿ ನಮ್ಮ ತೊಟ್ಟಿಗಳಲ್ಲಿ ಕೆಲವೇ ವಾರಗಳಲ್ಲಿ ಕರಗಿಹೋದರೆ, ಅದನ್ನು ಹವ್ಯಾಸ ಎನ್ನಬಹುದೆ?

ಮನಸ್ಸು ಮಾಡಿದವರಿಗೆ ಕೆಲವು ಮಾತು. ಹೊಸ ತೊಟ್ಟಿಗೆ ತರಬೇಡಿ. ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಹಳತಾಗಲಿ. ನೀರಿನ ಉಷ್ಣತೆ 25ರಿಂದ 27 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು ಸ್ಥಿರವಾಗಿರಲಿ. ಬೆಳಕು ಪ್ರಖರವಾಗಿರಬೇಕು. ಈ ಪ್ರಾಣಿ ಒಪ್ಪದ ಜಾಗದಿಂದ ಎದ್ದು ನಡೆಯುತ್ತದೆ. ಆದ್ದರಿಂದ ಪಂಪಿನ ಬಾಯಿಗೆ ಜಾಲರಿ ಕಟ್ಟಿ. ಸತ್ತರೆ ಕೂಡಲೇ ತೆಗೆಯಿರಿ. ಕೊಳೆತು ಇಡೀ ತೊಟ್ಟಿಯನ್ನು ನಂಜಾಗಿಸುತ್ತದೆ. ಗುಳ್ಳೆತುದಿಯ ಕಡಲ ಹೂ, ಅಂದರೆ ಎಂಟಾಕ್ಮಿಯಾ ಕ್ವಾಡ್ರಿಕಲರ್, ತೊಟ್ಟಿಯಲ್ಲಿಯೇ ಸೀಳಿ ಎರಡಾಗುತ್ತದೆ. ಕಡಲಿನಲ್ಲಿ ನಮ್ಮ ಆಸೆಲ್ಲಾರಿಸ್ ಇದರಲ್ಲಿ ವಾಸಿಸುವುದಿಲ್ಲವಾದರೂ ತೊಟ್ಟಿಯಲ್ಲಿ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ. ಇನ್ನೊಬ್ಬ ಹವ್ಯಾಸಿಯ ತೊಟ್ಟಿಯಲ್ಲಿ ಹೀಗೆ ಸೀಳಿದ್ದನ್ನು ಕೇಳಿ ಪಡೆಯಿರಿ. ಮೀನೂ ಮರಿಕೇಂದ್ರದ್ದೇ ಆಗಿರಲಿ. ನಮ್ಮ ದೇಶದಲ್ಲಿಯೇ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇದರ ಮರಿ ಮಾಡುವ ವಿಧಾನವನ್ನು ರೂಪಿಸಿದೆ.

ಮುಖ್ಯವಾಗಿ, ಅಂಗಡಿಯಲ್ಲಿ ಹಾಲಿನಂತೆ ಬೆಳ್ಳಗೆ ಹೊಳೆಯುವ ಕಡಲ ಹೂವನ್ನು ಕಂಡು ಮರುಳಾಗಬೇಡಿ. ಆ ಬಿಳುಪು ಚೆಲುವಲ್ಲ, ಹಸಿವು. ಒಳಗಿನ ಪಾಚಿ ಹೊರಬಿದ್ದಾಗ ಅದು ಬಿಳುಚುತ್ತದೆ. ನೀರು ಬಿಸಿಯಾದಾಗ ಕಡಲಿನಲ್ಲಿಯೂ ಇದೇ ನಡೆಯುತ್ತದೆ. ಪೆಸಿಫಿಕ್ಕಿನ ಮೊರಿಯಾ ದ್ವೀಪದಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿಳುಚಿದ ಹೂಗಳಲ್ಲಿದ್ದ ಕೋಡಂಗಿ ಮೀನುಗಳ ಸಂತಾನಶಕ್ತಿ ಶೇಕಡ 73ರಷ್ಟು ಕುಸಿದಿತ್ತು. ಮನೆ ಸೊರಗಿದರೆ ಒಕ್ಕಲೂ ಸೊರಗುತ್ತದೆ.

ತೊಟ್ಟಿಯ ಒಳಗೆ ಬೆಳಕು, ಬಿಸಿ, ನೀರು ಎಲ್ಲವೂ ನಿಮ್ಮ ಕೈಯಲ್ಲಿದೆ. ಅದನ್ನು ವರ್ಷಗಟ್ಟಲೆ ಕಾಪಾಡಬಲ್ಲಿರಾದರೆ ತನ್ನಿ. ತೊಟ್ಟಿಯ ಮುಂದೆ ಕುಳಿತ ಮಕ್ಕಳು ಪಾಠಪುಸ್ತಕ ಕೊಡಲಾರದ ಪಾಠವನ್ನು ಕಲಿತಾರು. ಇಲ್ಲವಾದರೆ ಜೋಡಿ ಮೀನಿಗೆ ಒಂದು ಮಣ್ಣಿನ ಕುಂಡ ಇಟ್ಟುಕೊಡಿ. ಅವು ದೂರುವುದಿಲ್ಲ.