ರಿಟರ್ನ್ಸ್‌ನಲ್ಲಿ ಮಗುವಿನ ಹೆಸರು ಬರೆಯುವ ಮುನ್ನ



ಆದಾಯ ತೆರಿಗೆ ಲೆಕ್ಕದಲ್ಲಿ ಮಕ್ಕಳನ್ನು ತಪ್ಪಾಗಿ ತೋರಿಸಿದರೆ ಆಗುವ ಪರಿಣಾಮಗಳು ಇಂದಿನ ವಿಚಾರ ಸಂಕಿರಣದ ವಿಷಯ. ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಚಿತ್ರದುರ್ಗ ಕಡೆಯ ತೆರಿಗೆ ಸಲಹೆಗಾರರಾದ ನಮ್ಮ ಬಳಿ ಬರುವವರಲ್ಲಿ ಶಿಕ್ಷಕರು, ಪೊಲೀಸರು, ಬೆಸ್ಕಾಂ ಮತ್ತು ಬ್ಯಾಂಕ್ ನೌಕರರು ಬಹಳ. ಅವರ ವರಮಾನದಲ್ಲಿ ಬಚ್ಚಿಡುವಂಥದ್ದೇನೂ ಇರುವುದಿಲ್ಲ, ಎಲ್ಲವೂ ಫಾರಂ 16ರಲ್ಲಿ ಇರುತ್ತದೆ. ತಪ್ಪು ನುಸುಳುವುದು ಕಡಿತಗಳ ಪಟ್ಟಿಯಲ್ಲಿ, ಅದರಲ್ಲೂ ಮಕ್ಕಳ ಹೆಸರಿನಲ್ಲಿ.

1950ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲೂ ಮಕ್ಕಳ ಸಂಖ್ಯೆ ನೋಡಿ ತೆರಿಗೆ ವಿನಾಯಿತಿಯ ಮಿತಿ ಏರಿಸುತ್ತಿದ್ದರು. ಈಗ ಮಗು ಇದೆ ಎಂದ ಮಾತ್ರಕ್ಕೆ ತೆರಿಗೆ ಇಳಿಯುವುದಿಲ್ಲ. 1961ರ ಕಾಯ್ದೆಯಡಿ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ 80ಸಿ ಕಲಮಿನಲ್ಲಿ ಇಬ್ಬರು ಮಕ್ಕಳ ಬೋಧನಾ ಶುಲ್ಕ, 80ಡಿಡಿಯಲ್ಲಿ ಅಂಗವಿಕಲ ಅವಲಂಬಿತರ ಪೋಷಣೆ, 80ಡಿಡಿಬಿಯಲ್ಲಿ ಹಿಮೋಫಿಲಿಯಾ, ತಲಸ್ಸೇಮಿಯಾದಂಥ ನಿಗದಿತ ಕಾಯಿಲೆಗಳ ಚಿಕಿತ್ಸೆ, ಹೀಗೆ ಕೆಲವೇ ಕಡೆ ಮಗುವಿನ ಪ್ರಸ್ತಾಪ ಬರುತ್ತದೆ. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಹಿಂದಿನ ವರ್ಷಗಳ ರಿಟರ್ನ್ಸ್‌ಗೆ ಹಳೆಯ ಕಾಯ್ದೆಯೇ ಅನ್ವಯಿಸುತ್ತದೆ.

ಬೋಧನಾ ಶುಲ್ಕದ ತಪ್ಪುಗಳು ಬಹುತೇಕ ಅರಿಯದೆ ಆದವು. ಗಂಡ ಹೆಂಡತಿ ಇಬ್ಬರೂ ಶಿಕ್ಷಕರು, ಒಂದೇ ರಸೀದಿಯನ್ನು ಇಬ್ಬರೂ ತಮ್ಮ ತಮ್ಮ ಶಾಲೆಗೆ ಕೊಟ್ಟಿರುತ್ತಾರೆ. ವ್ಯಾನ್ ಬಾಡಿಗೆ, ಸಮವಸ್ತ್ರ, ಡೊನೇಷನ್ ಎಲ್ಲ ಸೇರಿಸಿ ಒಟ್ಟು ಮೊತ್ತ ಬರೆದಿರುತ್ತಾರೆ. ಇನ್ನೊಂದು ಸಂದರ್ಭ ನನ್ನನ್ನು ಹೆಚ್ಚು ಕಾಡುತ್ತದೆ. ತೀರಿಹೋದ ಅಣ್ಣನ ಮಗಳನ್ನು ಚಿಕ್ಕಪ್ಪ ದಾವಣಗೆರೆಯಲ್ಲಿಟ್ಟು ಓದಿಸುತ್ತಾನೆ, ಫೀಸೂ ಅವನೇ ಕಟ್ಟುತ್ತಾನೆ. ಅವಳು ನಿಜಕ್ಕೂ ಅವನನ್ನೇ ನಂಬಿಕೊಂಡ ಹುಡುಗಿ. ಆದರೂ 80ಸಿ ಅವನಿಗೆ ಸಿಗುವುದಿಲ್ಲ, ಏಕೆಂದರೆ ಕಾನೂನು ಕೇಳುವುದು ಸ್ವಂತ ಮಕ್ಕಳ ಶುಲ್ಕವನ್ನು. 80ಡಿಡಿಯ ಪಟ್ಟಿಯಲ್ಲೂ ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ, ಒಡಹುಟ್ಟಿದವರಷ್ಟೇ ಇದ್ದಾರೆ. ಅಣ್ಣನ ಮಗಳಾಗಲಿ ಮೊಮ್ಮಗನಾಗಲಿ ಇಲ್ಲ. ನಮ್ಮ ಕೂಡುಕುಟುಂಬಗಳು ಹೊರುವ ಭಾರಕ್ಕೆ ಕಾಯ್ದೆಯಲ್ಲಿ ಜಾಗವಿಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಅದನ್ನು ಸರ್ಕಾರದ ಮುಂದೆ ಮನವಿಯಾಗಿ ಇಡೋಣ, ಕಕ್ಷಿದಾರನ ರಿಟರ್ನ್ಸ್‌ನಲ್ಲಿ ಸುಳ್ಳಾಗಿ ಇಡುವುದು ಬೇಡ.

80ಡಿಡಿ ಸಂಗತಿ ಬೇರೆ. ಅಲ್ಲಿ ನಡೆಯುತ್ತಿರುವುದು ಇಲ್ಲದ ಅಂಗವೈಕಲ್ಯವನ್ನು ಬೇಕೆಂದೇ ತೋರಿಸುವ ಕೆಲಸ. ಕನಿಷ್ಠ ಶೇ. 40ರಷ್ಟು ಅಂಗವೈಕಲ್ಯಕ್ಕೆ 75,000 ರೂಪಾಯಿ, ಶೇ. 80 ಮುಟ್ಟಿದರೆ 1,25,000 ರೂಪಾಯಿ. ಖರ್ಚು ಎಷ್ಟೇ ಆಗಿರಲಿ, ಕಡಿತ ಮಾತ್ರ ನಿಗದಿತ ಮೊತ್ತ. ಬಿಲ್ಲು ಜೋಡಿಸುವ ತಾಪತ್ರಯವಿಲ್ಲವೆಂದೇ ಕಮಿಷನ್ ಏಜೆಂಟರಿಗೆ ಈ ಕಲಮಿನ ಮೇಲೆ ಕಣ್ಣು. ಶೇ. 20ರ ಹಂತದ ನೌಕರನೊಬ್ಬನಿಗೆ 1,25,000 ರೂಪಾಯಿಯ ಕಡಿತದಿಂದ ಸೆಸ್ ಸೇರಿ 26,000 ರೂಪಾಯಿ ರೀಫಂಡ್ ಬರುತ್ತದೆ. ಏಜೆಂಟ್ ತನ್ನ ಪಾಲು ಎಣಿಸಿಕೊಂಡು ಹೋಗುತ್ತಾನೆ. ಸಿಕ್ಕಿಬಿದ್ದ ದಿನ ನೌಕರ ಆ 26,000 ಮರಳಿಸಬೇಕು, ಬಡ್ಡಿ ಕೊಡಬೇಕು. ತಪ್ಪು ಮಾಹಿತಿ ಕೊಟ್ಟಿದ್ದಾನೆಂದು ತೀರ್ಮಾನವಾದರೆ 270ಎ ಕಲಮಿನಡಿ ತೆರಿಗೆಯ ಶೇ. 200, ಅಂದರೆ 52,000 ರೂಪಾಯಿ ದಂಡ. ಸುಳ್ಳು ದೃಢೀಕರಣಕ್ಕೆ 277ನೇ ಕಲಮಿನಲ್ಲಿ ಮೊಕದ್ದಮೆ ಹೂಡಲೂ ಅವಕಾಶವಿದೆ. ದೃಢೀಕರಣ ಹೋಗಿರುವುದು ಅವನ ಹೆಸರಿನಲ್ಲಿ; ಏಜೆಂಟ್ ಹೇಳಿದ್ದನೆಂಬ ಮಾತು ಅಲ್ಲಿ ನಿಲ್ಲುವುದಿಲ್ಲ.

ಹಣಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ರಿಟರ್ನ್ಸ್‌ನ 80ಡಿಡಿ ಷೆಡ್ಯೂಲ್ ತೆರೆದು ನೋಡಿ. ಅಂಗವೈಕಲ್ಯದ ಸ್ವರೂಪ, ಅವಲಂಬಿತರ ಸಂಬಂಧ, ಅವರ ಪಾನ್ ಮತ್ತು ಆಧಾರ್, ಅಂಗವಿಕಲರ ಗುರುತಿನ ಯುಡಿಐಡಿ ಸಂಖ್ಯೆ, ವೈದ್ಯಕೀಯ ಪ್ರಮಾಣಪತ್ರವಾದ ಫಾರಂ 10ಐಎ ವಿವರ, ಎಲ್ಲಕ್ಕೂ ಅಲ್ಲಿ ಕಾಲಂ ಇವೆ. ಆಟವಾಡಿಕೊಂಡಿರುವ ಮಗುವಿನ ಆಧಾರ್ ಸಂಖ್ಯೆಯ ಎದುರು ತೀವ್ರ ಅಂಗವೈಕಲ್ಯ ಎಂದು ಅಪ್ಪನೇ ಬರೆಸಿದಂತಾಯಿತು. ಅತ್ತ ಹೊಳಲ್ಕೆರೆ ಕಡೆಯ ಹಳ್ಳಿಯಿಂದ ನಡೆಯಲಾರದ ಮಗನನ್ನು ಎತ್ತಿಕೊಂಡು, ಬಸ್ಸು ಹತ್ತಿ, ಜಿಲ್ಲಾ ಆಸ್ಪತ್ರೆಯಲ್ಲಿ ಸರತಿಗೆ ನಿಂತು ಪ್ರಮಾಣಪತ್ರ ಪಡೆಯುವ ತಾಯಿ ಇದ್ದಾಳೆ. ಸುಳ್ಳು ಹೆಚ್ಚಿದಷ್ಟೂ ಪರಿಶೀಲನೆ ಬಿಗಿಯಾಗುತ್ತದೆ, ಅವಳು ಇನ್ನಷ್ಟು ಕಾಗದ ಹೊಂದಿಸಬೇಕಾಗುತ್ತದೆ.

2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ಸುಳ್ಳು ಕಡಿತಗಳ ಜಾಲದ ಮೇಲೆ ದೇಶಾದ್ಯಂತ 150 ಕಡೆ ಪರಿಶೀಲನೆ ನಡೆಸಿತು. ಅದಕ್ಕೆ ಮುಂಚಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ತಾವಾಗಿಯೇ ರಿಟರ್ನ್ಸ್ ತಿದ್ದಿ 1,045 ಕೋಟಿ ರೂಪಾಯಿಯ ತಪ್ಪು ಕ್ಲೇಮು ಹಿಂಪಡೆದಿದ್ದರು. ಕೆಲವು ಏಜೆಂಟರು ತಾತ್ಕಾಲಿಕ ಇಮೇಲ್ ತೆರೆದು ಒಟ್ಟೊಟ್ಟಿಗೆ ರಿಟರ್ನ್ಸ್ ಸಲ್ಲಿಸಿ ಕೈಬಿಡುತ್ತಿದ್ದರೆಂದೂ ಇಲಾಖೆ ಹೇಳಿದೆ. ನೋಟಿಸ್ ಬಂದದ್ದೇ ನೌಕರನಿಗೆ ಗೊತ್ತಾಗುವುದಿಲ್ಲ.

ಅಮೆರಿಕದಲ್ಲಿರುವ ನಮ್ಮ ಊರಿನ ಮಕ್ಕಳೂ ಫೋನ್ ಮಾಡಿ ಕೇಳುತ್ತಾರೆ. ಅಲ್ಲಿ ಮಗುವಿನ ಲೆಕ್ಕದಲ್ಲಿ ತೆರಿಗೆಯೇ ಕಡಿಮೆಯಾಗುತ್ತದೆ, ಆದರೆ ಮಗು ಸಾಮಾನ್ಯವಾಗಿ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಜೊತೆಯಲ್ಲಿರಬೇಕು. ಹಿರಿಯೂರಿನ ಅಜ್ಜಿ ಮನೆಯಲ್ಲೇ ಬೆಳೆಯುತ್ತಿರುವ ಮಗುವನ್ನು ತೋರಿಸಿದರೆ ತೊಂದರೆ. ನಿಯಮ ಕಡೆಗಣಿಸಿದ್ದಕ್ಕೆ 2 ವರ್ಷ, ವಂಚನೆಯಾದರೆ 10 ವರ್ಷ ಆ ಸೌಲಭ್ಯವೇ ಇಲ್ಲ.

ಮಧ್ಯಾಹ್ನದ ಗೋಷ್ಠಿಯ ಮುಂದೆ ಎರಡು ಕೆಲಸ ಇಡುತ್ತೇನೆ. ಒಂದು, ಕನ್ನಡದಲ್ಲಿ ಒಂದು ಪುಟದ ಘೋಷಣಾ ಪತ್ರ: ಮಗು ಯಾರದು, ಫೀಸು ಕಟ್ಟಿದವರು ಯಾರು, ಇನ್ನೊಬ್ಬರು ಅದನ್ನೇ ತೋರಿಸಿದ್ದಾರೆಯೇ, ಪ್ರಮಾಣಪತ್ರ ಕೈಯಲ್ಲಿದೆಯೇ. ಕಕ್ಷಿದಾರರು ಓದಿ ಸಹಿ ಹಾಕಿದ ಮೇಲೆಯೇ ರಿಟರ್ನ್ಸ್ ಸಲ್ಲಿಸುವುದು. ಮತ್ತೊಂದು ತುರ್ತಿನದು. ಪರಿಷ್ಕೃತ ರಿಟರ್ನ್ಸ್ ಅವಧಿ ಮುಗಿದವರಿಗೂ ಅಪ್‌ಡೇಟೆಡ್ ರಿಟರ್ನ್ಸ್ ಇದೆ. ಕರನಿರ್ಧಾರಣ ವರ್ಷ ಮುಗಿದು 48 ತಿಂಗಳವರೆಗೆ ಸಲ್ಲಿಸಬಹುದು. ಮೊದಲ 12 ತಿಂಗಳಲ್ಲಿ ಹೆಚ್ಚುವರಿ ತೆರಿಗೆ ಶೇ. 25, ಕೊನೆಯ ವರ್ಷಕ್ಕೆ ಅದು ಶೇ. 70. ಇಲಾಖೆಯ ವಿಚಾರಣೆ ಶುರುವಾದ ಮೇಲೆ ಈ ದಾರಿ ಕಿರಿದಾಗುತ್ತದೆ. ಬೇರೆಯವರಿಂದ ಹಾಕಿಸಿಕೊಂಡ ಹಳೆಯ ರಿಟರ್ನ್ಸ್ ಹಿಡಿದು ನಿಮ್ಮಲ್ಲಿಗೆ ಬಂದವರ ಪಟ್ಟಿ ಮಾಡಿ, 80ಡಿಡಿ ಕಾಲಂ ನೋಡಿ, ಈ ವಾರವೇ ಅವರಿಗೆ ಫೋನ್ ಮಾಡಿ.

ಗೋಷ್ಠಿಗಳು ಆರಂಭವಾಗಲಿ.